ಎಸ್‌ಟಿ ಸಿಕ್ಕಿತು, ಓದು? ಖಾನಾಪುರದ ಸಿದ್ದಿ ಮಕ್ಕಳ ಬಗ್ಗೆ ಚರ್ಚೆ

ಗಡಿ ಮಾಸ್ತರ: ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಂಚಿನ ಶಾಲೆಯಲ್ಲಿ ನಾಲ್ಕು ವರ್ಷ ಇದ್ದೆ. ಒಂದು ವರ್ಷ ಏಳನೇ ಮುಗಿಸಿದ ಮೂವರು ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಮಕ್ಕಳಲ್ಲಿ ಹೈಸ್ಕೂಲಿಗೆ ಹೋದವಳು ಒಬ್ಬಳೇ. ಅವಳೂ ದೀಪಾವಳಿ ರಜೆಗೆ ಬಂದವಳು ವಾಪಸ್ ಹೋಗಲಿಲ್ಲ. ಹಾಸ್ಟೆಲ್‌ನಲ್ಲಿ ಅವಳ ಗುಂಗುರು ಕೂದಲು ಜಗ್ಗಿ ಜಗ್ಗಿ ನಗುತ್ತಿದ್ದರಂತೆ. ಎಸ್‌ಟಿ (ಪರಿಶಿಷ್ಟ ಪಂಗಡ) ಪಟ್ಟಿಯಲ್ಲಿ ಜಾಗ ಸಿಕ್ಕಿ ಇಷ್ಟು ವರ್ಷವಾಯಿತು, ಬದಲಾದದ್ದು ಏನು?

ಲೆಕ್ಕದ ಮನುಷ್ಯ: "ಇಷ್ಟು ವರ್ಷ" ಅಂದ್ರೆ? ಸಿದ್ದಿಗಳಿಗೆ ಎಸ್‌ಟಿ ಕೊಟ್ಟದ್ದು 2003ರಲ್ಲಿ. ರಾಜ್ಯದ ಎಸ್‌ಟಿ ಮೀಸಲಾತಿ 2022ರಲ್ಲಿ ಶೇ 3ರಿಂದ ಶೇ 7ಕ್ಕೆ ಏರಿದೆ. ಇನ್ನೇನು ಮನೆಗೆ ಬಂದು ಓದಿಸಬೇಕಾ?

ಹಳಿಯಾಳ ರಸ್ತೆ: 2003ರದ್ದು ಉತ್ತರ ಕನ್ನಡಕ್ಕೆ ಮಾತ್ರ ರೀ. ಬೆಳಗಾವಿ, ಧಾರವಾಡ ಸೇರಿದ್ದು 2020ರಲ್ಲಿ. ನನ್ನ ಚಿಕ್ಕಪ್ಪನ ಮಗ ಉತ್ತರ ಕನ್ನಡದ ಹಳಿಯಾಳದಲ್ಲಿ ಎಸ್‌ಟಿ, ಈ ಕಡೆ ಇದ್ದ ನಾನು ಅಲ್ಲ. ಅಜ್ಜ ಒಬ್ಬನೇ! ಸರ್ಟಿಫಿಕೇಟ್ ಕೇಳಿದರೆ "ನಿಮ್ಮ ಜಾತಿ ಪಕ್ಕದ ಜಿಲ್ಲೆಯಲ್ಲಿದೆ" ಅಂದಿದ್ದರು. 2020 ಬರುವಷ್ಟರಲ್ಲಿ ನನ್ನ ಓದಿನ ವಯಸ್ಸೇ ಮುಗಿದಿತ್ತು.

ಲೆಕ್ಕದ ಮನುಷ್ಯ: 2003 ಇರಲಿ, 2020 ಇರಲಿ, ಶೇ 7 ಸುಳ್ಳಾ?

ವಿಜಾಪುರ ಗಾಡಿ: ಶೇ 7 ಯಾರ ಪಾಲು? ಅದೇ 2020ರ ತಿದ್ದುಪಡಿಯಲ್ಲಿ ತಳವಾರ, ಪರಿವಾರ ಹೆಸರೂ ನಾಯಕ ಸಮುದಾಯದ ಜೊತೆ ಎಸ್‌ಟಿ ಪಟ್ಟಿಗೆ ಸೇರಿದವು. ನಮ್ಮ ಕಡೆ ಅವರೇ ಎಷ್ಟೊಂದು ಜನ! ಕಾಡಿನ ಹುಡುಗ ಆ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು?

ಮೈದಾನದ ಅಣ್ಣ: ಸಾಲಿನಲ್ಲಿ ಯಾಕೆ ನಿಲ್ಲಿಸ್ತೀರಿ, ಓಡಿಸಿ! ಓಟ ಅವರ ರಕ್ತದಲ್ಲೇ ಇದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿರಲಿಲ್ವಾ?

ಹಳಿಯಾಳ ರಸ್ತೆ: ರಕ್ತದಲ್ಲಾ? ಶಾಲೆಯ ಓಟದಲ್ಲಿ ನಾನು ಯಾವಾಗಲೂ ಕೊನೆ. ಲೆಕ್ಕದಲ್ಲಿ ಮೊದಲು. ಅದನ್ನು ಯಾರೂ ರಕ್ತ ಅನ್ನಲಿಲ್ಲ.

ಮೈದಾನದ ಅಣ್ಣ: ಹೊಗಳಿದರೂ ಬೈಗುಳ ಅಂತೀರಲ್ಲ!

ಗಡಿ ಮಾಸ್ತರ: ಆ ಯೋಜನೆ 90ರ ದಶಕದಲ್ಲಿ ನಿಂತೇ ಹೋಯಿತು. ಅದನ್ನೇ ನಂಬಿ ಬಂದ ಮಕ್ಕಳ ಗತಿ?

ಮೈದಾನದ ಅಣ್ಣ: "ನಿಂತೇ ಹೋಯಿತು" ಅಂದಿರಲ್ಲ, ಹಾಗಾದ್ರೆ ಶುರುವಾಗಿತ್ತು ಅಂತ ಒಪ್ಪಿದ ಹಾಗೆ.

ವಿಜಾಪುರ ಗಾಡಿ: ನಿಮ್ಮ ಮಗನಿಗೆ ಟ್ಯೂಷನ್, ಅವರ ಮಗನಿಗೆ ಮೈದಾನ. ಚಲೋ ಐತಿ ನ್ಯಾಯ.

ಮೈದಾನದ ಅಣ್ಣ: ನನ್ನ ಮಗನ ಸುದ್ದಿಗೆ ಬಂದ್ರೆ ನೆಟ್ಟಗಿರಲ್ಲ ನೋಡು.

ಲೆಕ್ಕದ ಮನುಷ್ಯ: ಓದಿದವರು ಮೇಲೆ ಬರುತ್ತಾರೆ. ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ಹೋಗಲಿಲ್ವಾ?

ಹಳಿಯಾಳ ರಸ್ತೆ: ಅವರೂ ಉತ್ತರ ಕನ್ನಡದವರೇ.

ಲೆಕ್ಕದ ಮನುಷ್ಯ: ಮತ್ತೆ ಜಿಲ್ಲೆ ಶುರು ಮಾಡಿದ್ರಾ?

ಗಡಿ ಮಾಸ್ತರ: ಹಾಸ್ಟೆಲ್ ಹುಡುಗಿಯ ವಿಷಯ ಎತ್ತಿದ್ದೆ ನಾನು. ಸೀಟು ಇತ್ತು, ಊಟ ಇತ್ತು, ಆದರೂ ಓಡಿ ಬಂದಳು.

ಮೈದಾನದ ಅಣ್ಣ: ನೋಡಿ, ಅವಳೂ ಓಡಿದಳು. ಸ್ಪೋರ್ಟ್ಸ್ ಹಾಸ್ಟೆಲ್ ಆಗಿದ್ದರೆ ಅಲ್ಲೇ ಉಳೀತಿದ್ದಳು.

ಹಳಿಯಾಳ ರಸ್ತೆ: ಮಾಸ್ತರೇ, ಆ ಹುಡುಗಿ ಯಾವ ಊರಿನವಳು? ಹೆಸರು ಇಲ್ಲಿ ಬೇಡ, ಇನ್‌ಬಾಕ್ಸ್‌ಗೆ ಬರ್ತೀನಿ.