ಕೈ ಚಾಚುವ ಮೊದಲೇ ಕಣ್ಣು ಹಾಕುವ ಲೆಕ್ಕ

ಪ್ರಶ್ನೆ (ಕೋಲಾರದಿಂದ): ತೋಟದಲ್ಲಿ ಟೊಮೆಟೊ ಬಿಡಿಸುವಾಗ, ಹಣ್ಣನ್ನು ಮುಟ್ಟುವ ಮೊದಲೇ ಬೆರಳುಗಳು ಅದರ ಗಾತ್ರಕ್ಕೆ ತಕ್ಕಂತೆ ಅಗಲವಾಗುವುದನ್ನು ಗಮನಿಸಿದ್ದೇನೆ. ಇದು ಕಣ್ಣಿನ ನಿರ್ಧಾರವೇ, ಕೇವಲ ಅಭ್ಯಾಸವೇ?

ಉತ್ತರ: ಅಭ್ಯಾಸವೂ ಇದೆ, ಆದರೆ ಕಣ್ಣಿನ ಪಾಲು ದೊಡ್ಡದು. ಬೆರಳುಗಳು ಹಣ್ಣಿಗಿಂತ ಹೆಚ್ಚು ಅಗಲಕ್ಕೆ ತೆರೆದು, ಚಲನೆಯ ಅವಧಿಯ ಸುಮಾರು ಮೂರನೇ ಎರಡು ಭಾಗ ಕಳೆಯುವ ಹೊತ್ತಿಗೆ ಗರಿಷ್ಠ ಮಟ್ಟ ತಲುಪಿ, ಆಮೇಲೆ ಮುಚ್ಚತೊಡಗುತ್ತವೆ.

ಮತ್ತೊಂದು ಉತ್ತರ: ವಸ್ತುವನ್ನು ಗುರುತಿಸುವ ನೋಟಕ್ಕೂ ಕೈಯನ್ನು ನಡೆಸುವ ನೋಟಕ್ಕೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ ಎಂದು ಮಿದುಳು ಸಂಶೋಧಕರಾದ ಗುಡೇಲ್ ಮತ್ತು ಮಿಲ್ನರ್ 1992ರಲ್ಲಿ ವಾದಿಸಿದರು. ಅವರು ಪರೀಕ್ಷಿಸಿದ ಒಬ್ಬ ರೋಗಿಗೆ ಕಣ್ಣೆದುರಿನ ಒಂದು ಸೀಳು ಎಷ್ಟು ಓರೆಯಾಗಿದೆ ಎಂದು ಹೇಳಲಾಗುತ್ತಿರಲಿಲ್ಲ. ಆದರೂ ಆಕೆ ಕಾರ್ಡನ್ನು ಅದರೊಳಗೆ ಸರಿಯಾಗಿ ತೂರಿಸುತ್ತಿದ್ದರು. ಈ ವಿಂಗಡಣೆ ಅಷ್ಟು ಕಟ್ಟುನಿಟ್ಟಿನದೇ ಎಂಬ ಚರ್ಚೆ ಮಾತ್ರ ನಿಂತಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಒಂದು ಕಣ್ಣು ಮುಚ್ಚಿಕೊಂಡು ಬಿಡಿಸಿ ನೋಡಿದೆ. ದೂರದ ಅಂದಾಜು ತಪ್ಪಿ ಕೈ ನಿಧಾನವಾಯಿತು.