ಸೂಪರ್‌ಹೀರೋ ಸಿನಿಮಾದಲ್ಲಿ ಅಂಥದ್ದೇನಿದೆ? ನೋಡಿದವರು ಹೇಳಿ

ನನ್ನ ಮಗನಿಗೆ ಹನ್ನೆರಡು ವರ್ಷ. ಸೂಪರ್‌ಹೀರೋ ಸಿನಿಮಾ ಅಂದರೆ ಪ್ರಾಣ. ಅವನು ಕರೆದ ಅಂತ ‘ಅವೆಂಜರ್ಸ್: ಎಂಡ್‌ಗೇಮ್’ ನೋಡಲು ಕೂತೆ. ಯಾರು ಯಾರಿಗೆ ಏನಾಗಬೇಕು, ಯಾಕೆ ಅಳುತ್ತಿದ್ದಾರೆ, ಒಂದೂ ಗೊತ್ತಾಗಲಿಲ್ಲ. ಅವನು ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದ. ಬಣ್ಣದ ಬಟ್ಟೆ ತೊಟ್ಟು ಹಾರಾಡುವವರ ಕಥೆಯಲ್ಲಿ ಇಷ್ಟೊಂದು ಸೆಳೆತ ಹೇಗೆ? ನಾನು ಕಾಮಿಕ್ಸ್ ಓದಿದವಳಲ್ಲ. ಸುಮ್ನೆ ಪಕ್ಕದಲ್ಲಿ ಕೂರುವುದಕ್ಕಿಂತ ನಾನೂ ಇಷ್ಟಪಟ್ಟು ನೋಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

* * *

ಅಕ್ಕಾ, ನೀವು ನೇರವಾಗಿ ಕೊನೆಗೇ ಹೋಗಿಬಿಟ್ಟಿದ್ದೀರಿ. ಎಂಡ್‌ಗೇಮ್ ಬಂದದ್ದು 2019ರಲ್ಲಿ, ಅದು ಮಾರ್ವೆಲ್‌ನವರ ಒಂದಕ್ಕೊಂದು ಕೊಂಡಿಯಿರುವ ಸಿನಿಮಾ ಸರಣಿಯ 22ನೇ ಸಿನಿಮಾ. 2008ರ ‘ಐರನ್ ಮ್ಯಾನ್’ನಿಂದ ಹನ್ನೊಂದು ವರ್ಷ ಹೆಣೆದ ಕಥೆಯ ಎಳೆಗಳೆಲ್ಲ ಅಲ್ಲಿ ಬಂದು ಸೇರುತ್ತವೆ. ನಿಮ್ಮ ಮಗನಿಗೆ ಆ ಪಾತ್ರಗಳೆಲ್ಲ ಬಹಳ ಕಾಲದ ಪರಿಚಯ. ಪರಿಚಯದವರು ಹೋದರೆ ಅಳು ಬಂದೇ ಬರುತ್ತದೆ. ನೀವು ಅವರನ್ನು ಅವತ್ತೇ ಮೊದಲ ಸಲ ನೋಡಿದ್ದು, ಅಲ್ವಾ?

* * *

ನನಗೂ ಹೊಡೆದಾಟ ಅಷ್ಟಾಗಿ ಹಿಡಿಸುವುದಿಲ್ಲ. ನನ್ನನ್ನು ಈ ಕಡೆ ಎಳೆದದ್ದು 2004ರ ‘ಸ್ಪೈಡರ್‌ಮ್ಯಾನ್ 2’. ಸ್ಯಾಮ್ ರೈಮಿ ನಿರ್ದೇಶನ, ಸ್ಪೈಡರ್‌ಮ್ಯಾನ್ ಅಂದರೆ ಪೀಟರ್ ಪಾರ್ಕರ್ ಆಗಿ ಟೋಬಿ ಮ್ಯಾಗ್ವೈರ್. 2002ರ ಮೊದಲ ಭಾಗ ನೋಡಿ ಇದಕ್ಕೆ ಬನ್ನಿ. ಮುಂದಿನ ಹತ್ತಾರು ಸಿನಿಮಾಗಳ ಹಂಗು ಇದಕ್ಕಿಲ್ಲ.

ಶುರುವಿನಲ್ಲೇ ಏನೇನಾಗುತ್ತದೆ ನೋಡಿ. ಪಿಜ್ಜಾ ತಲುಪಿಸುವುದು ತಡವಾಗಿ ಪೀಟರ್ ಕೆಲಸ ಕಳೆದುಕೊಳ್ಳುತ್ತಾನೆ. ಬಾಡಿಗೆ ಬಾಕಿ ಇದೆ. ಓದಿನಲ್ಲಿ ಹಿಂದೆ ಬಿದ್ದಿದ್ದಾನೆ ಅಂತ ಮೇಷ್ಟ್ರಿಂದ ಬೈಗುಳ. ಇಷ್ಟಪಟ್ಟ ಹುಡುಗಿಯ ನಾಟಕಕ್ಕೆ ಹೊರಟವನು ದಾರಿಯಲ್ಲಿ ಕಳ್ಳರನ್ನು ಹಿಡಿಯಲು ನಿಲ್ಲುತ್ತಾನೆ. ಅಲ್ಲಿಗೆ ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿದೆ. ಯಾಕೆ ತಡವಾಯಿತು ಅಂತ ಅವಳಿಗೆ ಹೇಳುವ ಹಾಗೂ ಇಲ್ಲ. ಗೋಡೆ ಹತ್ತಬಲ್ಲವನಿಗೆ ಬಾಡಿಗೆ ಕಟ್ಟಲು ಆಗುತ್ತಿಲ್ಲ. ಒಳ್ಳೆಯದು ಮಾಡಿದಷ್ಟೂ ಅವನ ಬದುಕು ಹದಗೆಡುತ್ತಾ ಹೋಗುತ್ತದೆ. ನನ್ನ ಪ್ರಕಾರ ಸೆಳೆತ ಇರುವುದು ಇಲ್ಲೇ. ಶಕ್ತಿಗೆ ಅವನು ಏನು ಬೆಲೆ ತೆರುತ್ತಾನೆ ಅಂತ ಗಮನಿಸಿ, ಆಮೇಲೆ ಹಾರಾಟವೂ ಚೆನ್ನಾಗಿ ಕಾಣುತ್ತದೆ.

ಹನ್ನೆರಡು ವರ್ಷದವರಿಗೆ ಇದು ಇನ್ನೂ ಜಾಸ್ತಿ ತಾಗುತ್ತದೆ. ಮೈ ಬದಲಾಗುವ ವಯಸ್ಸು. ಒಳಗೆ ಏನೋ ನಡೀತಿರುತ್ತದೆ, ಮನೆಯಲ್ಲಿ ಹೇಳಲು ಬಾಯಿ ಬರುವುದಿಲ್ಲ. ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ಕಾಮಿಕ್ಸ್‌ಗಾಗಿ ಈ ಪಾತ್ರ ಕಟ್ಟಿದಾಗ ಹೈಸ್ಕೂಲ್ ಹುಡುಗನನ್ನೇ ನಾಯಕ ಮಾಡಿದರು. ಅಲ್ಲಿಯ ತನಕ ಆ ವಯಸ್ಸಿನವರು ಹೆಚ್ಚಾಗಿ ನಾಯಕನ ಹಿಂದೆ ಓಡಾಡುವ ಸಹಾಯಕರಾಗಿ ಬರುತ್ತಿದ್ದರು.

ರೈಲಿನ ದೃಶ್ಯ ಬಂದಾಗ ಫೋನ್ ಪಕ್ಕಕ್ಕಿಡಿ. ಹಿಡಿತ ತಪ್ಪಿ ಓಡುತ್ತಿರುವ ರೈಲಿನ ಮುಂದೆ ನಿಂತು, ಎರಡೂ ಬದಿಯ ಕಟ್ಟಡಗಳಿಗೆ ಬಲೆ ಎಸೆದು, ಮೈಯೆಲ್ಲ ಕಿತ್ತು ಹೋಗುವಂತೆ ಎಳೆದು ನಿಲ್ಲಿಸುತ್ತಾನೆ. ಮುಖವಾಡ ಇಲ್ಲ. ಪ್ರಜ್ಞೆ ತಪ್ಪಿದವನನ್ನು ಪ್ರಯಾಣಿಕರು ಕೈಯಿಂದ ಕೈಗೆ ದಾಟಿಸಿ ಒಳಗೆ ಮಲಗಿಸುತ್ತಾರೆ. ಇವನಿನ್ನೂ ಹುಡುಗ, ನನ್ನ ಮಗನ ವಯಸ್ಸಿನವನು ಅಂತ ಅವರಲ್ಲೊಬ್ಬರ ಮಾತು. ಇಬ್ಬರು ಚಿಕ್ಕ ಹುಡುಗರು ಮುಖವಾಡ ತಂದುಕೊಟ್ಟು, ಯಾರಿಗೂ ಹೇಳಲ್ಲ ಅನ್ನುತ್ತಾರೆ. ಕಾಪಾಡಲು ಬಂದವನನ್ನು ಜನರೇ ಕಾಪಾಡುವ ಈ ಗಳಿಗೆಗಾಗಿ ನಾನು ಆ ಸಿನಿಮಾವನ್ನು ಮತ್ತೆ ಮತ್ತೆ ನೋಡುತ್ತೇನೆ. ತಾಯಿಯಾದ ನಿಮಗೆ ಅದು ನನಗಿಂತ ಜಾಸ್ತಿ ತಟ್ಟಬಹುದು.

* * *

ನಾನು ಕಾಮಿಕ್ಸ್ ಓದಿಕೊಂಡೇ ಬೆಳೆದವನು. ಓದದಿದ್ದರೆ ಏನೂ ನಷ್ಟವಿಲ್ಲ ಮೇಡಂ. ಆದರೆ ಓದಿದವರಿಗೆ ಸಿಗುವ ಖುಷಿ ಯಾವುದು ಅಂತ ಗೊತ್ತಿದ್ದರೆ ಮಗನ ಜೊತೆ ಮಾತಾಡಲು ಸುಲಭ. ಮೇಲೆ ಹೇಳಿದ ಸಿನಿಮಾದಲ್ಲೇ ಪೀಟರ್ ಬೇಸತ್ತು ತನ್ನ ಉಡುಪನ್ನು ಕಸದ ಡಬ್ಬಿಗೆ ಹಾಕಿ ಹೊರಟುಬಿಡುತ್ತಾನೆ. 1967ರಲ್ಲಿ ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನ 50ನೇ ಸಂಚಿಕೆಗೆ ಜಾನ್ ರೋಮಿಟಾ ಬಿಡಿಸಿದ ಚಿತ್ರ ಅದು. ಕಾಗದದ ಮೇಲೆ ನೋಡಿದ್ದ ಚೌಕಟ್ಟು ದೊಡ್ಡ ಪರದೆಯಲ್ಲಿ ಜೀವ ತಳೆದಾಗ ಆಗುವ ಖುಷಿಯೇ ಬೇರೆ.

ಹಾಗಂತ ಪುಸ್ತಕವನ್ನು ಇದ್ದ ಹಾಗೆ ಸಿನಿಮಾ ಮಾಡಿದರೆ ಸಾಲದು. ಪುರಾಣದ ಪಾತ್ರವನ್ನು ಪ್ರತಿ ಕವಿಯೂ ತನ್ನ ಕಾಲಕ್ಕೆ ತಕ್ಕಂತೆ ಹೇಳುವ ಹಾಗೆ ಇಲ್ಲೂ ಬದಲಾವಣೆ ಇರುತ್ತದೆ. ಐರನ್ ಮ್ಯಾನ್ ಕಾಮಿಕ್ಸ್‌ನಲ್ಲಿ ಮೊದಲು ಬಂದದ್ದು 1963ರಲ್ಲಿ. ಅದರಲ್ಲಿ ಐರನ್ ಮ್ಯಾನ್ ಆಗುವ ಟೋನಿ ಸ್ಟಾರ್ಕ್ ಗಾಯಗೊಂಡು ಸೆರೆಯಾಗುವುದು ವಿಯೆಟ್ನಾಂನಲ್ಲಿ. 2008ರ ಸಿನಿಮಾದಲ್ಲಿ ಆ ಜಾಗ ಅಫ್ಘಾನಿಸ್ತಾನ. ಆಯುಧ ಮಾರಿ ಶ್ರೀಮಂತನಾದವನ ಎದೆಗೆ ಅವನದೇ ಕಂಪನಿಯ ಬಾಂಬಿನ ಚೂರು ಹೊಕ್ಕುತ್ತದೆ. ಯುದ್ಧ ಬದಲಾದರೂ ಪ್ರಶ್ನೆ ಹಳೆಯದೇ.

ಇನ್ನೊಂದು ಸಿನಿಮಾ, 1978ರ ‘ಸೂಪರ್‌ಮ್ಯಾನ್’. ನಿರ್ದೇಶಕ ರಿಚರ್ಡ್ ಡಾನರ್. ಸೂಪರ್‌ಮ್ಯಾನ್ ಸಾಮಾನ್ಯನ ವೇಷದಲ್ಲಿ ಕ್ಲಾರ್ಕ್ ಆಗಿರುತ್ತಾನೆ. ಅವನು ಇಷ್ಟಪಟ್ಟ ಲೋಯಿಸ್ ಮನೆಯಲ್ಲಿ, ಅವಳು ಪಕ್ಕದ ಕೋಣೆಗೆ ಹೋದಾಗ ಕನ್ನಡಕ ತೆಗೆಯುತ್ತಾನೆ. ಬೆನ್ನು ನೆಟ್ಟಗಾಗುತ್ತದೆ, ದನಿ ಗಟ್ಟಿಯಾಗುತ್ತದೆ. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದವನು ಮತ್ತೆ ಕನ್ನಡಕ ಹಾಕಿ ಕುಗ್ಗಿಹೋಗುತ್ತಾನೆ. ಯಾವ ಗ್ರಾಫಿಕ್ಸೂ ಇಲ್ಲ. ಕ್ರಿಸ್ಟೋಫರ್ ರೀವ್ ಬರೀ ಭುಜ ಮತ್ತು ದನಿಯಲ್ಲೇ ಇಬ್ಬರಾಗುತ್ತಾರೆ. ಇಂಥ ನಟನೆ ನೋಡಿದ ಮೇಲೆ ಇದು ಬರೀ ಮಕ್ಕಳ ಸಿನಿಮಾ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

* * *

ಎಲ್ಲವೂ ಚೆನ್ನಾಗಿರುತ್ತವೆ ಅಂತ ನಾನು ಒಪ್ಪುವುದಿಲ್ಲ. ಎಷ್ಟೋ ಸಿನಿಮಾಗಳ ಕೊನೆಯ ಅರ್ಧ ಗಂಟೆ ಕಟ್ಟಡ ಉರುಳಿಸುವುದರಲ್ಲೇ ಮುಗಿಯುತ್ತದೆ. ಅಲ್ಲಿ ಬೇಸರ ಬಂದರೆ ನಿಮ್ಮ ಅಭಿರುಚಿಯಲ್ಲಿ ಕೊರತೆ ಇದೆ ಅಂದುಕೊಳ್ಳಬೇಡಿ.

ಕ್ರಿಸ್ಟೋಫರ್ ನೋಲನ್ ಅವರ ಬ್ಯಾಟ್‌ಮ್ಯಾನ್ ಸಿನಿಮಾ ‘ದಿ ಡಾರ್ಕ್ ನೈಟ್’ (2008) ಬೇರೆ ದಾರಿ ಹಿಡಿಯುತ್ತದೆ. ಕೊನೆಯಲ್ಲಿ ಎರಡು ದೋಣಿ, ಎರಡರಲ್ಲೂ ಬಾಂಬು. ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ಸಾಮಾನ್ಯ ಜನ. ಎದುರು ದೋಣಿಯನ್ನು ಸಿಡಿಸುವ ಗುಂಡಿ ಇವರ ಕೈಯಲ್ಲಿ. ಆ ಹೊತ್ತಿನಲ್ಲಿ ನಾಯಕನಿಗಿಂತ ಆ ದೋಣಿಯ ಜನರೇ ಮುಖ್ಯವಾಗುತ್ತಾರೆ. ಖಳ ಜೋಕರ್ ಪಾತ್ರಕ್ಕೆ ಹೀತ್ ಲೆಡ್ಜರ್ ಅವರಿಗೆ ಆಸ್ಕರ್ ಬಂತು, ಅವರು ತೀರಿಕೊಂಡ ಮೇಲೆ. ಆದರೆ ಇದರಲ್ಲಿ ಕ್ರೌರ್ಯ ಇದೆ. ಮಗನಿಗೆ ತೋರಿಸುವ ಮುಂಚೆ ನೀವೊಬ್ಬರೇ ಒಮ್ಮೆ ನೋಡಿ. ‘ಲೋಗನ್’ (2017), ‘ಜೋಕರ್’ (2019) ಇನ್ನೂ ಕಟು. ಅಮೆರಿಕದಲ್ಲಿ ಅವಕ್ಕೆ ಆರ್ ರೇಟಿಂಗ್ ಇದೆ, ಅಂದರೆ 17 ತುಂಬದವರು ದೊಡ್ಡವರಿಲ್ಲದೆ ಹೋಗುವಂತಿಲ್ಲ. ಅವನಿಗೆ ಈಗಲೇ ಬೇಡ.

ಇಬ್ಬರೂ ಕೂತು ಮಾತಾಡುವಂಥದ್ದು ಬೇಕಾದರೆ ರಯಾನ್ ಕೂಗ್ಲರ್ ಅವರ ‘ಬ್ಲ್ಯಾಕ್ ಪ್ಯಾಂಥರ್’ (2018). ಇದರ ನಾಯಕ ಜಗತ್ತಿನಿಂದ ಮರೆಯಾಗಿರುವ ಆಫ್ರಿಕಾದ ಒಂದು ಕಾಲ್ಪನಿಕ ದೇಶದ ರಾಜ. ಖಳ ಕಿಲ್‌ಮಾಂಗರ್ ಕೇಳುವುದರಲ್ಲಿ ನ್ಯಾಯ ಇದೆ. ಹೊರಗಿನ ಕರಿಯ ಜನ ನರಳುತ್ತಿದ್ದಾಗ ನಿಮ್ಮ ಶ್ರೀಮಂತ ದೇಶ ಎಲ್ಲಿ ಅಡಗಿತ್ತು ಅಂತ. ಅವನ ದಾರಿ ತಪ್ಪು, ಕೋಪ ತಪ್ಪಲ್ಲ. ಕೊನೆಗೆ ರಾಜನೇ ತನ್ನ ದೇಶದ ಬಾಗಿಲು ತೆರೆಯಬೇಕಾಗುತ್ತದೆ. ನಿಮ್ಮ ಮಗನನ್ನು ಕೇಳಿ, ಯಾರ ಮಾತು ಸರಿ ಅಂತ. ಅವನ ಉತ್ತರ ಕೇಳಲಿಕ್ಕಾದರೂ ಈ ಸಿನಿಮಾ ನೋಡಿ.

* * *

ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಒಂದೇ ಉಪಾಯ. ಮಗಳನ್ನೇ ಮೇಷ್ಟ್ರು ಮಾಡಿದ್ದು. ಸಿನಿಮಾ ನಡೆಯುವಾಗ ಪ್ರಶ್ನೆ ಕೇಳುವುದಿಲ್ಲ, ಮುಗಿದ ಮೇಲೆ ಅವಳು ಎಲ್ಲ ಬಿಡಿಸಿ ಹೇಳುತ್ತಾಳೆ. ಅವಳಿಗೆ ಅದೇ ಹಬ್ಬ. ಬೇರೆ ವಿಷಯಕ್ಕೆ ಬಾಯಿ ಬಿಡದವಳು ಆ ಹೊತ್ತಿನಲ್ಲಿ ಸ್ಕೂಲಿನ ಗೆಳತಿಯರ ಜಗಳವನ್ನೂ ಹೇಳಿಬಿಡುತ್ತಾಳೆ.

ಅವಳು ತೋರಿಸಿದ್ದು ‘ಸ್ಪೈಡರ್‌ಮ್ಯಾನ್: ಇಂಟು ದ ಸ್ಪೈಡರ್‌ವರ್ಸ್’. 2018ರ ಅನಿಮೇಷನ್, ಆಸ್ಕರ್ ಪಡೆದದ್ದು. ಹಳೆಯ ಅಚ್ಚಿನ ಚುಕ್ಕಿಗಳು, ಮನಸ್ಸಿನ ಮಾತಿನ ಡಬ್ಬಿಗಳು ಪರದೆಯ ಮೇಲೇ ಬರುತ್ತವೆ. ಕಾಮಿಕ್ಸ್ ಓದದವರಿಗೆ ಕಾಮಿಕ್ಸಿನ ರುಚಿ ಅಲ್ಲೇ ಸಿಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಹೊಸ ಸ್ಪೈಡರ್‌ಮ್ಯಾನ್ ಆಗಲು ಕಲಿಯುತ್ತಿರುವ ಹುಡುಗ ಮೈಲ್ಸ್‌ನ ಚಲನೆಗೆ ಮೊದಮೊದಲು ಸೆಕೆಂಡಿಗೆ 12 ಚಿತ್ರ, ಪಳಗಿದ ಪೀಟರ್‌ಗೆ 24. ಅದಕ್ಕೇ ಮೈಲ್ಸ್ ತಡವರಿಸುವ ಹಾಗೆ ಕಾಣುತ್ತಾನೆ. ಕೈ ಪಳಗಿದ ಮೇಲೆ ಅವನ ಚಲನೆಯೂ ನುಣುಪಾಗುತ್ತದೆ.

* * *

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಪೈಡರ್‌ಮ್ಯಾನ್‌ನಿಂದಲೇ ಶುರು ಮಾಡುತ್ತೇನೆ. ಒಂದೇ ಅನುಮಾನ. ಎಂಡ್‌ಗೇಮ್ ಮತ್ತೆ ನೋಡಬೇಕಾದರೆ ಹಿಂದಿನ ಅಷ್ಟನ್ನೂ ನೋಡಲೇಬೇಕಾ?

* * *

ಬೇಡ ಅಕ್ಕಾ. ‘ಐರನ್ ಮ್ಯಾನ್’, 2011ರ ‘ಕ್ಯಾಪ್ಟನ್ ಅಮೆರಿಕ’, 2012ರ ‘ಅವೆಂಜರ್ಸ್’, 2018ರ ‘ಇನ್‌ಫಿನಿಟಿ ವಾರ್’, ಇಷ್ಟು ನೋಡಿ. ಕ್ಯಾಪ್ಟನ್ ಅಮೆರಿಕ ಮಾತ್ರ ಬಿಡಬೇಡಿ. ಅದರಲ್ಲಿ ಒಂದು ಡ್ಯಾನ್ಸ್ ಬಾಕಿ ಉಳಿಯುತ್ತದೆ, ಎಂಡ್‌ಗೇಮ್‌ನ ಕೊನೆ ಅರ್ಥವಾಗಲು ಅದು ಬೇಕು. ನಡುವಿನದ್ದನ್ನು ಮಗ ಹೇಳಲಿ. ಐರನ್ ಮ್ಯಾನ್ ಮುಗಿದು ಹೆಸರುಗಳು ಬರಲು ಶುರುವಾದಾಗ ಏಳಬೇಡಿ. ಎಲ್ಲ ಹೆಸರೂ ಮುಗಿದ ಮೇಲೆ, ಮುಂದೆ ಅವೆಂಜರ್ಸ್ ಅನ್ನುವ ಸೂಪರ್‌ಹೀರೋ ತಂಡ ಕಟ್ಟುವ ನಿಕ್ ಫ್ಯೂರಿ ಬಂದು ಟೋನಿ ಹತ್ತಿರ ಮಾತಾಡುವ ಚಿಕ್ಕ ದೃಶ್ಯ ಇದೆ. ಅವೆಂಜರ್ಸ್ ಹೆಸರು ಮೊದಲು ಕೇಳಿಬರುವುದು ಅಲ್ಲೇ.