ಆಕ್ಟಿವೇಟ್ ಮಾಡದ ಕ್ರೆಡಿಟ್ ಕಾರ್ಡ್‌ಗೆ 588 ರೂಪಾಯಿ ಬಿಲ್! ಕಟ್ಟಬೇಕಾ?

ಮೈಸೂರುಪಾಕ್:
ಮಾಲ್‌ನಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗನ ಹತ್ತಿರ ಸುಮ್ನೆ ಒಂದು ಕಾರ್ಡ್‌ಗೆ ಅರ್ಜಿ ಕೊಟ್ಟೆ. ‘ಲೈಫ್‌ಟೈಮ್ ಫ್ರೀ ಸರ್’ ಅಂದಿದ್ದ. ಬಂದು ಎರಡು ತಿಂಗಳಾಯಿತು, ಇನ್ನೂ ಕವರ್‌ನಲ್ಲೇ ಇದೆ, ಆಕ್ಟಿವೇಟ್ ಕೂಡ ಮಾಡಿಲ್ಲ. ಈಗ ಶುಲ್ಕ 499, ಜಿಎಸ್‌ಟಿ 89.82, ಒಟ್ಟು 588.82 ಅಂತ ಬಿಲ್! ಕ್ಲೋಸ್ ಮಾಡಿ ಅಂತ ಮೇಲ್ ಹಾಕಿ 25 ದಿನ ಆಯಿತು. ಫೋನ್ ಮಾಡಿದರೆ ಬೇರೆ ಆಫರ್ ಹೇಳುತ್ತಾರೆ. ಕಟ್ಟಿ ಕೈತೊಳೆದುಕೊಳ್ಳಲಾ? ಮುಂದಿನ ವರ್ಷ ಮನೆ ಸಾಲಕ್ಕೆ ಹೋಗಬೇಕು, ಸಿಬಿಲ್ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) ಹಾಳಾದರೆ ಅಂತ ಭಯ.

ಸಾಲಗಾರ ಸುಬ್ಬ:
ಕಟ್ಟಬೇಡಿ ಗುರು. ಆರ್‌ಬಿಐ 2022ರಲ್ಲಿ ನಿಯಮ ಮಾಡಿದೆ. ಕ್ಲೋಸ್ ಮಾಡಿ ಅಂದ ಮೇಲೆ 7 ಕೆಲಸದ ದಿನಗಳಲ್ಲಿ ಮಾಡಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಅವರೇ ನಿಮಗೆ ಕೊಡಬೇಕು. ನನಗೆ 9 ದಿನಕ್ಕೆ 4,500 ಬಂತು, ಮೂರು ಮೇಲ್ ಆದ ಮೇಲೆ.

ಕಾಫಿಪುಡಿ:
ಸುಬ್ಬಣ್ಣ, ಬಾಕಿ ಇಲ್ಲದಿದ್ದರೆ ಮಾತ್ರ ಆ 500. ಕೊಕ್ಕೆ ಇರೋದೇ ಅಲ್ಲಿ, ಬ್ಯಾಂಕಿನವರು ಈ 588ನ್ನೇ ಬಾಕಿ ಅಂತ ತೋರಿಸುತ್ತಾರೆ.

ಆದರೆ ಇವರದ್ದು ಆಕ್ಟಿವೇಟ್ ಆಗದ ಕಾರ್ಡ್ ಅಲ್ವಾ, ಅದಕ್ಕೆ ಬೇರೆ ನಿಯಮವೇ ಇದೆ. ಕಾರ್ಡ್ ಕೊಟ್ಟು 30 ದಿನ ದಾಟಿದರೆ ಒಟಿಪಿ ಕಳಿಸಿ ಒಪ್ಪಿಗೆ ಕೇಳಬೇಕು, ಸಿಗದಿದ್ದರೆ 7 ಕೆಲಸದ ದಿನಗಳಲ್ಲಿ ಒಂದು ಪೈಸೆ ತಗೊಳ್ಳದೆ ಕ್ಲೋಸ್ ಮಾಡಬೇಕು. ಆಕ್ಟಿವೇಟ್ ಆಗುವ ಮೊದಲು ಅದರ ವಿವರ ಸಿಬಿಲ್‌ನಂಥ ಕಂಪನಿಗಳಿಗೆ ಕಳಿಸುವ ಹಾಗೂ ಇಲ್ಲ. ಒಂದೇ ಅನುಮಾನ: ಫೋನ್‌ನಲ್ಲಿ ಯಾರಿಗಾದರೂ ಒಟಿಪಿ ಹೇಳಿಬಿಟ್ಟಿದ್ದೀರಾ? ‘ವೆರಿಫಿಕೇಶನ್ ಸರ್’ ಅಂತ ಕೇಳಿ ತಗೊಂಡುಬಿಡುತ್ತಾರೆ. ಹಾಗಾಗಿದ್ದರೆ ಕಥೆ ಬೇರೆ.

ಮೈಸೂರುಪಾಕ್:
ಈಗಷ್ಟೇ ಹಳೇ ಮೆಸೇಜ್ ಎಲ್ಲಾ ತಡಕಾಡಿದೆ. ಒಟಿಪಿ ಬಂದಿದೆ, ‘ಕಾರ್ಡ್ ಆಕ್ಟಿವೇಟ್ ಮಾಡಲು’ ಅಂತ ಅದರಲ್ಲೇ ಬರೆದಿದೆ. ಅವತ್ತು ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದೆ, ಕಾಲ್ ಎತ್ತಲೇ ಇಲ್ಲ, ಯಾರಿಗೂ ಹೇಳಿಲ್ಲ.

ಕಾಫಿಪುಡಿ:
ಸದ್ಯ! ಆ ಮೆಸೇಜ್ ಡಿಲೀಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ಹಾಕಿ ಇವತ್ತೇ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಹಾರಿಕೆ ಉತ್ತರ ಬಂದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲಿ ಹಾಕಿ, ಆ ದೂರಿಗೆ ದುಡ್ಡು ಕೊಡಬೇಕಾಗಿಲ್ಲ.

ಮೈಸೂರುಪಾಕ್:
ಮೇಲ್ ಹೋಯಿತು. ಕವರ್ ಇನ್ನೂ ಫ್ರಿಜ್ ಮೇಲೇ ಇದೆ, ಅದರದ್ದೂ ಒಂದು ಫೋಟೋ ಹಾಕಿದ್ದೇನೆ.